ಸೊಸೈಟಿ ಕೊಳದ ಪಟ್ಟೆಮೀನು ಗಂಬೂಸಿಯಾ ಜೊತೆ ಬದುಕಬಹುದಾ?

ಹೊಳೆಸಾಲು (ಪುಣೆ, ಬಾಣೇರ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ನಮ್ಮ ಸೊಸೈಟಿಯ ಹಿಂದೆ ಒಂದು ಕೊಳ ಇದೆ. ಸುಮಾರು 30 ಅಡಿ ಉದ್ದ, 20 ಅಡಿ ಅಗಲ. ಕಟ್ಟಡ ಎದ್ದಾಗ ಮುಚ್ಚದೆ ಉಳಿಸಿದ ಹಳ್ಳದ ತುಂಡು ಅದು. ಮಳೆಗಾಲದಲ್ಲಿ ಗುಡ್ಡದ ನೀರು ಬಂದು ತುಂಬುತ್ತದೆ. ಅದರಲ್ಲಿ ಬೆರಳುದ್ದದ ಒಂದು ಮೀನಿದೆ. ಮೈಮೇಲೆ ಅಡ್ಡ ಪಟ್ಟೆ, ಮೇಲಕ್ಕೆ ತಿರುಗಿದ ಬಾಯಿ, ನೆತ್ತಿಯ ಮೇಲೆ ಹೊಳೆಯುವ ಚುಕ್ಕಿ. ನೀರಿನ ಮೇಲ್ಪದರದಲ್ಲೇ ಅಲುಗಾಡದೆ ನಿಂತಿರುತ್ತದೆ, ಹುಳ ಬಿದ್ದ ಕೂಡಲೇ ಚಿಮ್ಮುತ್ತದೆ. ಮಗಳು ಅದಕ್ಕೆ ಪಟ್ಟೆಮೀನು ಅಂತ ಹೆಸರಿಟ್ಟಿದ್ದಾಳೆ. ಪುಸ್ತಕದ ಹೆಸರು ಅಪ್ಲೊಕೈಲಸ್ ಲಿನಿಯೇಟಸ್. ಸಾಗರದಲ್ಲಿ ನಮ್ಮ ತೋಟದ ಕೆರೆಯಲ್ಲೂ ಇದೇ ಮೀನು ಇತ್ತು. ಪುಣೆಗೆ ಬಂದ ಹೊಸದರಲ್ಲಿ ಈ ಊರಿನಲ್ಲಿ ನನಗೆ ಗುರುತು ಸಿಕ್ಕ ಮೊದಲ ಜೀವ ಅದು.

ಎರಡು ವರ್ಷದ ಹಿಂದೆ ಡೆಂಗಿ ಹೆಚ್ಚಾದಾಗ ಸೊಸೈಟಿಯವರು ಸೊಳ್ಳೆಮರಿ ತಿನ್ನುವ ಗಂಬೂಸಿಯಾ ಮೀನನ್ನು ಎರಡು ಬಕೆಟ್ ತಂದು ಸುರಿದರು. ಮೊದಲ ವರ್ಷ ಎರಡೂ ಜಾತಿ ಕಾಣುತ್ತಿದ್ದವು. ನಾನು ಭಾನುವಾರ ಸಂಜೆ ದಂಡೆಯಲ್ಲಿ ಕೂತು ಎಣಿಸಿ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ಪಟ್ಟೆಮೀನು ಕಡಿಮೆಯಾಗುತ್ತಾ ಬಂತು, ಆದರೆ ಪೂರ್ತಿ ಹೋಗಲಿಲ್ಲ. ಉಳಿದ ಕೆಲವಕ್ಕೆ ಬಾಲದ ರೆಕ್ಕೆ ಹರಿದಿರುತ್ತಿತ್ತು. ಕಪ್ಪೆಯ ಗೊದಮೊಟ್ಟೆಗಳು ಆ ಮಳೆಗಾಲದಿಂದಲೇ ಕಾಣಿಸಲಿಲ್ಲ.

ಈ ವರ್ಷ ಗಣಪತಿ ವಿಸರ್ಜನೆಗೆ ಕೊಳ ಸ್ವಚ್ಛ ಮಾಡುತ್ತೇವೆ ಅಂತ ನೀರೊಳಗಿನ ಕಳೆಯನ್ನೆಲ್ಲ ಕಿತ್ತು ಹಾಕಿದರು. ಹೈಡ್ರಿಲ್ಲಾ, ದಂಡೆಯ ಜೊಂಡು, ಎಲ್ಲವೂ ಹೋಯಿತು. ನೀರು ಚೆನ್ನಾಗಿ ತಿಳಿಯಾಯಿತು. ಅದಾದ ಮೇಲೆ ಮೂರು ವಾರ ನನಗೆ ಒಂದೂ ಪಟ್ಟೆಮೀನು ಕಾಣಲಿಲ್ಲ. ನಿನ್ನೆ ಎರಡು ದೊಡ್ಡವು ಕಂಡವು. ಮರಿ ಒಂದೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಒಂದು ವರ್ಷ ಹೇಗೋ ಒಟ್ಟಿಗೆ ಇದ್ದವಲ್ಲ, ಈಗ ಏನು ಬದಲಾಯಿತು? ಮತ್ತೆ ಹಾಗೆ ಇರುವಂತೆ ಮಾಡಬಹುದಾ?

ಗಾಜಿನಪೆಟ್ಟಿಗೆ (ಪಿಂಪ್ರಿ)

ಅಕ್ಕ, ಅದು ಗಂಬೂಸಿಯಾನೇ ಅಂತ ಖಚಿತವಾ? ಸೊಳ್ಳೆಗೆ ಅಂತ ಗಪ್ಪಿಯನ್ನೂ ಬಿಡುತ್ತಾರೆ. ಗಪ್ಪಿ ಆದರೆ ಗಂಡಿಗೆ ಬಣ್ಣದ ಬಾಲ ಇರುತ್ತದೆ. ಗಂಬೂಸಿಯಾ ಪೂರ್ತಿ ಬೂದು. ಸ್ವಭಾವದಲ್ಲಿ ಎರಡಕ್ಕೂ ತುಂಬಾ ವ್ಯತ್ಯಾಸ. ರೆಕ್ಕೆ ಹರಿದಿದೆ ಅಂದಿದ್ದಕ್ಕೆ ಕೇಳಿದೆ.

ಹೊಳೆಸಾಲು

ಬಣ್ಣ ಇಲ್ಲ ತಮ್ಮ. ಬೂದು ಮೈ, ಹೆಣ್ಣಿನ ಹೊಟ್ಟೆ ಉಬ್ಬಿ ಹಿಂದೆ ಕಪ್ಪು ಮಚ್ಚೆ ಕಾಣುತ್ತದೆ. ಗಂಡು ಅದರ ಅರ್ಧದಷ್ಟು.

ಕೆರೆಯಂಗಳ (ಪುಣೆ, ಕೋಥ್ರೂಡ್)

ಹಾಗಿದ್ದರೆ ಗಂಬೂಸಿಯಾನೇ ತಂಗಿ. ನಾನು ಧಾರವಾಡದವ, ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವ. ನಿಮ್ಮ ನೋಟ್‌ಬುಕ್ ವಿಷಯ ಓದಿ ಬಹಳ ಖುಷಿಯಾಯಿತು. ಉತ್ತರ ಅದರಲ್ಲೇ ಇದೆ.

ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತದೆ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಿಮ್ಮ ಕೊಳದಲ್ಲಿ ನಡೆಯುತ್ತಿರುವುದು ಬೇರೆ. ಬೆಳೆದ ಪಟ್ಟೆಮೀನು ಗಂಬೂಸಿಯಾಕ್ಕಿಂತ ದೊಡ್ಡದು, 10 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಗಂಬೂಸಿಯಾ ಹೆಣ್ಣು ಹೆಚ್ಚೆಂದರೆ 6. ಪಟ್ಟೆಮೀನು ಗಂಬೂಸಿಯಾ ಮರಿಯನ್ನು ಸಲೀಸಾಗಿ ನುಂಗುತ್ತದೆ. ಗಂಬೂಸಿಯಾ ಕೂಡ ಪಟ್ಟೆಮೀನಿನ ಮರಿಯನ್ನು ನುಂಗುತ್ತದೆ. ಇಬ್ಬರೂ ಒಬ್ಬರ ಮಕ್ಕಳನ್ನು ಇನ್ನೊಬ್ಬರು ತಿನ್ನುವವರು. ಜೊತೆಗೆ ಇಬ್ಬರ ಊಟವೂ ಒಂದೇ: ಸೊಳ್ಳೆಮರಿ, ನೀರ ಮೇಲೆ ಬಿದ್ದ ಇರುವೆ, ಸಣ್ಣ ಹುಳ. ಎದುರಾಳಿಯೇ ಊಟವೂ ಆಗುವ ಇಂಥ ಸಂಬಂಧದಲ್ಲಿ ಯಾರ ಬಾಯಿ ದೊಡ್ಡದು ಅನ್ನುವುದಕ್ಕಿಂತ ಯಾರ ಮರಿ ಮೊದಲ ಹತ್ತು ದಿನ ದಾಟುತ್ತದೆ ಅನ್ನುವುದು ಮುಖ್ಯ.

ಈಗ ಲೆಕ್ಕ ಹಾಕಿ. ಪಟ್ಟೆಮೀನು ದಿನಕ್ಕೆ ಕೆಲವೇ ಮೊಟ್ಟೆ ಇಡುತ್ತದೆ. ಕಳೆಯ ಎಳೆಗೆ ಒಂದೊಂದಾಗಿ ಅಂಟಿಸುತ್ತದೆ. ಅವು ಒಡೆಯಲು ಎರಡು ವಾರ ಬೇಕು. ಹೊರಬಂದ ಮರಿ ಕೂದಲೆಳೆಯಷ್ಟು. ಗಂಬೂಸಿಯಾ ಮೊಟ್ಟೆ ಇಡುವುದೇ ಇಲ್ಲ, ನೇರವಾಗಿ ಮರಿ ಹಾಕುತ್ತದೆ. ಹುಟ್ಟಿದ ಗಳಿಗೆಯಿಂದ ಈಜುತ್ತದೆ, ತಿನ್ನುತ್ತದೆ, ಓಡುತ್ತದೆ. ಬೆಚ್ಚಗಿನ ನೀರಿನಲ್ಲಿ ನಾಲ್ಕು ವಾರಕ್ಕೊಮ್ಮೆ ಇನ್ನೊಂದು ಸೂಲು. ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಒಂದೇ ಹೆಣ್ಣು ಉಳಿದರೂ ಕೊಳ ಮತ್ತೆ ತುಂಬುತ್ತದೆ.

ಕಳೆ ಇದ್ದಾಗ ಪಟ್ಟೆಮೀನಿನ ಮೊಟ್ಟೆಗೂ ಮರಿಗೂ ಒಂದು ಕೋಣೆ ಇತ್ತು. ಗಂಬೂಸಿಯಾ ಗುಂಪಾಗಿ ಬಯಲು ನೀರಿನಲ್ಲಿ ಸುತ್ತುತ್ತದೆ. ದಟ್ಟ ಕಳೆಯೊಳಗೆ ಹುಡುಕಿ ತಿನ್ನುವುದು ಅದಕ್ಕೆ ಕಷ್ಟ. ಗಣಪತಿಗೆ ಕೊಳ ತೊಳೆದಾಗ ಕಸ ಅಂತ ಎಸೆದದ್ದು ಆ ಕೋಣೆಯನ್ನೇ. ಬಹುಶಃ ಮೊಟ್ಟೆಗಳೂ ಅದರ ಜೊತೆಗೇ ಹೋದವು.

ಇಬ್ಬರ ಅಮ್ಮ (ವಾಕಡ್)

ಮಧ್ಯೆ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಮಗನಿಗೆ ಹೋದ ವರ್ಷ ಡೆಂಗಿ ಆಗಿ ಆರು ದಿನ ಆಸ್ಪತ್ರೆಯಲ್ಲಿದ್ದ. ಪ್ಲೇಟ್‌ಲೆಟ್ ಇಳಿದಾಗಿನ ಆ ರಾತ್ರಿಗಳು ನನಗೆ ಮಾತ್ರ ಗೊತ್ತು. ಸೊಳ್ಳೆ ತಿನ್ನುವ ಮೀನನ್ನು ತೆಗೆಯಿರಿ ಅಂದರೆ ನಮ್ಮಂಥವರಿಗೆ ಹೆದರಿಕೆ ಆಗುತ್ತದೆ. ಅದಕ್ಕೆ ಏನು ಹೇಳುತ್ತೀರಿ?

ಕೆರೆಯಂಗಳ

ಬೇಸರ ಯಾಕಮ್ಮ, ಕೇಳಲೇಬೇಕಾದ ಪ್ರಶ್ನೆ ಇದು. ಡೆಂಗಿ ತರುವುದು ಈಡಿಸ್ ಸೊಳ್ಳೆ. ಅದು ಮೊಟ್ಟೆ ಇಡುವುದು ಹೂಕುಂಡದ ತಟ್ಟೆ, ಕೂಲರ್, ಹಳೆಯ ಟಯರ್, ತೆಂಗಿನ ಚಿಪ್ಪು, ಫ್ರಿಜ್ ಹಿಂದಿನ ಟ್ರೇ, ಇಂಥ ಸಣ್ಣ ನೀರಿನಲ್ಲಿ. ಮೀನು, ಕಪ್ಪೆ ಇರುವ ಕೊಳ ಅದಕ್ಕೆ ಹಿಡಿಸುವುದಿಲ್ಲ. ಕೊಳಕ್ಕೆ ಗಂಬೂಸಿಯಾ ಬಿಟ್ಟು ಬಾಲ್ಕನಿಯ ತಟ್ಟೆ ಮರೆತರೆ ಡೆಂಗಿಗೆ ಏನೂ ಆಗುವುದಿಲ್ಲ. ವಾರಕ್ಕೊಮ್ಮೆ ತಟ್ಟೆ, ಟ್ರೇ ಒಣಗಿಸುವುದೇ ಮದ್ದು.

ಇನ್ನೊಂದು ವಿಷಯ. ಪಟ್ಟೆಮೀನು ಕೂಡ ಸೊಳ್ಳೆಮರಿ ತಿನ್ನುತ್ತದೆ, ಚೆನ್ನಾಗಿಯೇ ತಿನ್ನುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿಯೂ ತಿನ್ನುತ್ತದೆ, ಅದನ್ನು ಗಂಬೂಸಿಯಾ ತಿಂದುಬಿಡುತ್ತದೆ. ಗಂಬೂಸಿಯಾ ನಮ್ಮ ದೇಶಕ್ಕೆ ಬಂದದ್ದು 1928ರಲ್ಲಿ, ಮಲೇರಿಯಾ ತಡೆಯಲು. ಆಗ ಒಳ್ಳೆಯ ಉದ್ದೇಶವೇ ಇತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ನೀರಿಗೆ ಬಿಡಿ ಅಂತ ಹೇಳುವುದಿಲ್ಲ. ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಇಬ್ಬರ ಅಮ್ಮ

ಫ್ರಿಜ್ ಹಿಂದಿನ ಟ್ರೇ ಈಗಷ್ಟೇ ನೋಡಿದೆ. ನೀರಿತ್ತು. ಥ್ಯಾಂಕ್ಸ್ ಸರ್.

ಗಾಜಿನಪೆಟ್ಟಿಗೆ

ಸರ್, ಒಂದು ಐಡಿಯಾ. ಕೊಳಕ್ಕೆ ಎರಡು ಕೊರಮೀನಿನ ಮರಿ ಬಿಟ್ಟರೆ ಹೇಗೆ? ಇಲ್ಲಿನವರು ಮರಳ್ ಅನ್ನುತ್ತಾರಲ್ಲ, ಅದೇ. ನಮ್ಮದೇ ನಾಡಿನ ಮೀನು. ಗಂಬೂಸಿಯಾ ಜಾಸ್ತಿ ಇರುವುದರಿಂದ ಅದನ್ನೇ ಜಾಸ್ತಿ ತಿನ್ನುತ್ತದೆ. ಪಟ್ಟೆಮೀನಿಗೆ ಉಸಿರಾಡಲು ಜಾಗ ಸಿಗುತ್ತದೆ.

ಕೆರೆಯಂಗಳ

ಯೋಚನೆ ತಪ್ಪಲ್ಲ. ದೊಡ್ಡ ಕೆರೆಯಲ್ಲಿ ಹಾಗೆ ಆಗುವುದುಂಟು. ಗೆಲ್ಲುತ್ತಿರುವವನನ್ನೇ ಬೇಟೆಗಾರ ಹೆಚ್ಚು ತಿಂದರೆ ಸೋಲುತ್ತಿರುವವನೂ ಉಳಿಯುತ್ತಾನೆ. ಆದರೆ 30 ಅಡಿ ಕೊಳದಲ್ಲಿ ಬೇಡ.

1934ರಲ್ಲಿ ರಷ್ಯಾದ ಗಾಸ್ ಎಂಬ ವಿಜ್ಞಾನಿ ಒಂದು ಪ್ರಯೋಗದ ಬಗ್ಗೆ ಬರೆದರು. ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ಒಂದು ಕೊಳವೆಯಲ್ಲಿ ಪ್ಯಾರಮೀಸಿಯಂ, ಅದನ್ನು ತಿನ್ನುವ ಡಿಡಿನಿಯಂ. ಎರಡೂ ಕಣ್ಣಿಗೆ ಕಾಣದಷ್ಟು ಸಣ್ಣ ಸಿಹಿನೀರಿನ ಜೀವಿಗಳು. ತಿಳಿ ನೀರಿನಲ್ಲಿ ಬಿಟ್ಟಾಗ ಡಿಡಿನಿಯಂ ಕೊನೆಯ ಪ್ಯಾರಮೀಸಿಯಂವರೆಗೆ ತಿಂದಿತು. ಆಮೇಲೆ ತಾನೂ ಹಸಿದು ಸತ್ತಿತು. ಕೊಳವೆ ಖಾಲಿ. ಮುಂದಿನ ಸಲ ತಳದಲ್ಲಿ ಸ್ವಲ್ಪ ಗಸಿ ಇಟ್ಟರು. ಪ್ಯಾರಮೀಸಿಯಂ ಗಸಿಯೊಳಗೆ ಅಡಗಿತು. ಡಿಡಿನಿಯಂಗೆ ಊಟ ಸಿಗದೆ ಸತ್ತಿತು, ಅಡಗಿದ್ದವು ಹೊರಬಂದು ಹೆಚ್ಚಾದವು. ಚಿಟಿಕೆ ಗಸಿ ಅಷ್ಟು ಕೆಲಸ ಮಾಡಿತು.

ಇನ್ನು ಕೊರಮೀನಿನ ಮಾತು. ಬೇಟೆಗಾರರಲ್ಲಿ ಎರಡು ರೀತಿ. ಬೇಟೆ ವಿರಳವಾದಾಗ ಅದನ್ನು ಬಿಟ್ಟು ಬೇರೆ ಊಟ ಹುಡುಕಿ ಹೋಗುವವು ಒಂದು. ಎಷ್ಟೇ ವಿರಳವಾದರೂ ಕಣ್ಣಿಗೆ ಬಿದ್ದದ್ದನ್ನೆಲ್ಲ ತಿನ್ನುವವು ಇನ್ನೊಂದು. ಮೊದಲನೆಯದರ ಜೊತೆ ಬದುಕಬಹುದು, ಎರಡನೆಯದರ ಜೊತೆ ಕಷ್ಟ. ಒಂದೇ ಮೀನು ದೊಡ್ಡ ಕೆರೆಯಲ್ಲಿ ಮೊದಲನೆಯದರಂತೆ, ಅಡಗುವ ಜಾಗವೇ ಇಲ್ಲದ ಸಣ್ಣ ಕೊಳದಲ್ಲಿ ಎರಡನೆಯದರಂತೆ ನಡೆದುಕೊಳ್ಳಬಹುದು. ನಿಮ್ಮ ಕೊಳದಲ್ಲಿ ಉಳಿದಿರುವುದು ಎರಡೇ ಪಟ್ಟೆಮೀನು. ಕೊರಮೀನು ಗಂಬೂಸಿಯಾ ಮುಗಿಸುವವರೆಗೆ ಆ ಎರಡು ಕಾಯುತ್ತವಾ?

ಗಾಳಗಾರ (ಮುಂಬೈ, ಪವಾಯಿ)

ಸರ್ ಹೇಳಿದ್ದಕ್ಕೆ ಇಲ್ಲಿಂದ ಒಂದು ಮಾತು ಸೇರಿಸುತ್ತೇನೆ. ಪವಾಯಿ ಕೆರೆ 1891ರದ್ದು. ಕುಡಿಯುವ ನೀರಿಗೆ ಅಂತ ಕಟ್ಟಿದ್ದು. ಈಗ ಜಲಪರ್ಣಿ ಅನ್ನುವ ತೇಲುವ ಕಳೆ, ಕೊಳಚೆ, ಮೊಸಳೆ, ಎಲ್ಲ ಇವೆ. ಗಾಳಕ್ಕೆ ಬೀಳುವುದರಲ್ಲಿ ತಿಲಾಪಿಯಾ ಜಾಸ್ತಿ. ನಮ್ಮ ಮಂಡ್ಯ ಕಡೆ ಜಿಲೇಬಿ ಮೀನು ಅಂತಾರೆ, ಇಲ್ಲಿ ಚಿಲಾಪಿ. ಅದು 1952ರಲ್ಲಿ ದೇಶಕ್ಕೆ ಬಂತು. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಮರಿ ಈಜಲು ಕಲಿತ ಮೇಲೂ ಅಪಾಯ ಕಂಡರೆ ಮತ್ತೆ ಬಾಯೊಳಗೆ ಸೇರಿಸಿಕೊಳ್ಳುತ್ತದೆ. ಅಡಗುವ ಕೋಣೆಯನ್ನು ಜೊತೆಯಲ್ಲೇ ಇಟ್ಟುಕೊಂಡು ತಿರುಗುವ ಮೀನು ಅದು. ನಮ್ಮ ಸಣ್ಣ ಪಕ್ಕೆ ಮೀನುಗಳು ಮೊಟ್ಟೆಯನ್ನು ಕಳೆಯಲ್ಲಿ ಚೆಲ್ಲಿ ಹೋಗುತ್ತವೆ, ಅದನ್ನು ಇದೇ ತಿಲಾಪಿಯಾ ಮೇಯುತ್ತದೆ.

ನೀರುಕಾಗೆಗಳು ತಿಲಾಪಿಯಾ ಹಿಡಿಯುವುದನ್ನು ನೋಡಿ ಮೊದಲು ಖುಷಿಪಡುತ್ತಿದ್ದೆ. ಆಮೇಲೆ ಒಬ್ಬ ಹಿರಿಯರು ತಿಳಿಸಿ ಹೇಳಿದರು. ತಿಲಾಪಿಯಾ ವರ್ಷವಿಡೀ ಸಿಗುವುದರಿಂದ ನೀರುಕಾಗೆಗಳ ಸಂಖ್ಯೆಯೂ ಹೆಚ್ಚಾಗುತ್ತದೆ. ಹೆಚ್ಚಾದ ಹಕ್ಕಿಗಳು ತಿಲಾಪಿಯಾ ಒಂದನ್ನೇ ತಿನ್ನುವುದಿಲ್ಲ, ಪಕ್ಕದ ನಾಟಿ ಮೀನನ್ನೂ ತಿನ್ನುತ್ತವೆ. ನಾಟಿ ಮೀನಿಗೆ ಅಷ್ಟು ಬೇಗ ಮರಿ ಹುಟ್ಟುವುದಿಲ್ಲ. ಎರಡು ಮೀನುಗಳು ಒಂದನ್ನೊಂದು ಮುಟ್ಟದಿದ್ದರೂ ನಡುವಿನ ಬೇಟೆಗಾರನಿಂದಾಗಿ ಒಂದು ಸೋಲಬಹುದು. ನನಗೆ ಇದು ಅರ್ಥವಾಗಲು ಬಹಳ ದಿನ ಬೇಕಾಯಿತು.

ಮಾಂಡವಿ ದಡ (ಗೋವಾ, ಪೊಂಡಾ)

ನಮ್ಮ ಬಾವಿಯಲ್ಲಿ ಗಪ್ಪಿ ಇದೆ, ಬೇರೆ ಮೀನು ಇಲ್ಲ. ಮುಚ್ಚಿದ ಬಾವಿಯಲ್ಲಿದ್ದರೆ ತೊಂದರೆ ಇಲ್ಲ ಅಲ್ವಾ? ಮಳೆಗಾಲದಲ್ಲಿ ಬಾವಿ ತುಂಬಿ ಪಕ್ಕದ ಗದ್ದೆಗೆ ಹರಿಯುತ್ತದೆ, ಅದೊಂದೇ ಯೋಚನೆ.

ಗಾಜಿನಪೆಟ್ಟಿಗೆ

ಯೋಚನೆ ಮಾಡಬೇಕಾದದ್ದು ಅದೇ ಸರ್. ತುಂಬಿ ಹರಿಯುವ ಬಾವಿಗೆ ಜಾಲರಿ ಹಾಕಿಸಿ. ಗದ್ದೆ ದಾಟಿದರೆ ಮುಂದೆ ಹಳ್ಳವೇ.

ಕಾವೇರಿ ಮಡು (ಪುಣೆ, ಹಡಪ್ಸರ್)

ಹೊರಗಿನದು, ನಾಟಿ ಅಂತ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಶ್ರೀರಂಗಪಟ್ಟಣದವನು. ಪುಣೆಯಲ್ಲಿ ಇದ್ದುಕೊಂಡು ನಮ್ಮ ಕಾವೇರಿಯ ಒಂದು ಮೀನಿನ ಕಥೆ ಓದಿದಾಗ ನನಗೆ ಸಂಕಟವಾಯಿತು.

ನೀಲಿ ರೆಕ್ಕೆಯ ಮಹಶೀರ್ ಇದೆಯಲ್ಲ, ಟಾರ್ ಖುದ್ರೀ. ಸೈಕ್ಸ್ ಎಂಬ ಸೇನಾಧಿಕಾರಿ 1839ರಲ್ಲಿ ಅದನ್ನು ಮೊದಲು ವಿವರಿಸಿದ್ದು ಇಲ್ಲೇ, ಪುಣೆ ಹತ್ತಿರದ ಮುಳಾ-ಮುಠಾ ನದಿಯ ಮೀನಿನಿಂದ. ಇದು ಈ ಊರಿನದೇ ಮೀನು. ಇಲ್ಲಿನ ನದಿಗಳಲ್ಲಿ ಅದು ಕಡಿಮೆಯಾದಾಗ ಲೋಣಾವಳಾದ ಮರಿ ಕೇಂದ್ರದಲ್ಲಿ 1970ರ ದಶಕದಿಂದ ಅದರ ಮರಿ ಬೆಳೆಸಿದರು. ಒಳ್ಳೆಯ ಕೆಲಸ. ಆದರೆ ಆ ಮರಿಗಳು ನಮ್ಮ ಕಾವೇರಿಗೂ ಬಂದವು. ಕಾವೇರಿಯಲ್ಲಿ ಅಲ್ಲಿನದೇ ಆದ, ಬೆನ್ನು ಗೂನಾದ ಕಿತ್ತಳೆ ರೆಕ್ಕೆಯ ಮಹಶೀರ್ ಇತ್ತು. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಮೀನು ಅದು, ಟಾರ್ ರೇಮಾದೇವಿ. ಗಾಳಕ್ಕೆ ನೀಲಿ ರೆಕ್ಕೆಯದ್ದೇ ಬೀಳತೊಡಗಿತು, ಕಿತ್ತಳೆಯದ್ದು ಕಾಣೆಯಾಗುತ್ತಾ ಹೋಯಿತು. 2018ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಮರಳು ತೆಗೆಯುವುದು, ಸಿಡಿಮದ್ದು ಹಾಕುವುದು, ಅಣೆಕಟ್ಟು, ಇವೂ ಕಾರಣ. ಎಲ್ಲವನ್ನೂ ಒಂದೇ ಮೀನಿನ ತಲೆಗೆ ಕಟ್ಟುತ್ತಿಲ್ಲ.

ಪುಣೆಯಲ್ಲಿ ನಾಟಿಯಾದ ಮೀನು ಕಾವೇರಿಯಲ್ಲಿ ಹೊರಗಿನದು. ಎರಡೂ ಭಾರತದ ನದಿ, ಎರಡೂ ದಕ್ಷಿಣದವು. ದೇಶದ ಗಡಿ ನೋಡಿ ನಾಟಿ ಅಂತ ಹೇಳಬಾರದು, ನದಿ ನೋಡಿ ಹೇಳಬೇಕು ಅಂತ ನನಗೆ ಅನ್ನಿಸಿದೆ. ಕೊರಮೀನು ತಂದು ಬಿಡೋಣ ಅಂದ ತಮ್ಮನಿಗೂ ಇದನ್ನೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಗಾಜಿನಪೆಟ್ಟಿಗೆ

ತಪ್ಪೇನಿಲ್ಲ ಅಣ್ಣ. ಈ ಕಥೆ ನನಗೆ ಗೊತ್ತೇ ಇರಲಿಲ್ಲ.

ಕೆರೆಯಂಗಳ

ತಂಗಿ ಮೊದಲು ಕೇಳಿದ್ದು ಒಟ್ಟಿಗೆ ಬದುಕಬಹುದಾ ಅಂತ. ಅದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಕೊಳಕ್ಕೆ ಬಹಳ ಹತ್ತಿರದ್ದು.

ಐರ್ಲೆಂಡಿನ ಹೊಳೆಗಳಲ್ಲಿ ಸೀಗಡಿಯ ದೂರದ ನೆಂಟನಂಥ ಒಂದು ಪುಟ್ಟ ಜೀವಿ ಇದೆ, ಗಮಾರಸ್. ಅಲ್ಲಿ ನಾಟಿ ಜಾತಿ ಒಂದಿತ್ತು. 1950ರ ದಶಕದಲ್ಲಿ ಗಾಳ ಹಾಕುವವರು ಟ್ರೌಟ್ ಮೀನಿಗೆ ಮೇವಾಗಲಿ ಅಂತ ಇನ್ನೊಂದು ಜಾತಿ ತಂದುಬಿಟ್ಟರು. ಇವೂ ಹಾಗೆಯೇ, ಒಂದನ್ನೊಂದು ತಿನ್ನುತ್ತವೆ. ಯಾವಾಗ ಗೊತ್ತಾ? ಹೆಣ್ಣು ಪೊರೆ ಬಿಟ್ಟು ಮೈ ಮೆತ್ತಗಾದ ಆ ಕೆಲವು ಗಂಟೆಗಳಲ್ಲಿ. ಹೊರಗಿನದು ನಾಟಿಯನ್ನು ತಿನ್ನುವುದು ಹೆಚ್ಚು, ನಾಟಿ ಹೊರಗಿನದನ್ನು ತಿನ್ನುವುದು ಕಡಿಮೆ. ಬೇರೆಲ್ಲ ಸಮಯದಲ್ಲಿ ಇಬ್ಬರೂ ಸಮ ಬಲದವರೇ. ಆ ಸಣ್ಣ ವ್ಯತ್ಯಾಸದಿಂದಲೇ ನಾಟಿ ಜಾತಿಗೆ ಹೊಳೆಯ ನಂತರ ಹೊಳೆ ಕೈತಪ್ಪಿತು.

ಇನ್ನೂ ವಿಚಿತ್ರ ಒಂದಿದೆ. ನಾಟಿ ಜಾತಿಗೆ ಮಾತ್ರ ಅಂಟುವ ಒಂದು ಪರಾವಲಂಬಿ ಇದೆ. ಒಂಟಿಯಾಗಿದ್ದಾಗ ಅದರಿಂದ ಯಾವ ತೊಂದರೆಯೂ ಕಾಣುವುದಿಲ್ಲ, ಆಯಸ್ಸು, ಗಾತ್ರ, ಮರಿ ಎಲ್ಲ ಮೊದಲಿನಂತೆ. ಹೊರಗಿನಿಂದ ಬಂದ ಬೇರೆ ಬೇರೆ ಜಾತಿಗಳ ಜೊತೆ ಇದ್ದಾಗ ಮಾತ್ರ ಗೊತ್ತಾಗುತ್ತದೆ. ರೋಗ ಇರುವ ನಾಟಿ, ಅವುಗಳಲ್ಲಿ ತನಗಿಂತ ಸಣ್ಣ ಜಾತಿಯನ್ನು ಹಿಡಿಯಲು ಸೋಲುತ್ತದೆ. ಎಲ್ಲಕ್ಕಿಂತ ದೊಡ್ಡದರ ಬಾಯಿಗೆ ಬೇಗ ಸಿಗುತ್ತದೆ. ಅಂದರೆ ಯಾರು ಯಾರನ್ನು ತಿನ್ನುತ್ತಾರೆ ಅನ್ನುವುದು ಅವರ ಜಾತಿಯಿಂದ ಮಾತ್ರ ತೀರ್ಮಾನ ಆಗುವುದಿಲ್ಲ. ನೀರು, ರೋಗ, ಜಾಗ, ಎಲ್ಲ ಸೇರಿ ತಕ್ಕಡಿ ಓಲುತ್ತದೆ.

ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲೂ ಹೀಗೇ ಆಯಿತು. 1950ರ ದಶಕದಲ್ಲಿ ನೈಲ್ ಪರ್ಚ್ ಬಿಟ್ಟರು. 1980ರ ದಶಕದಲ್ಲಿ ಅದು ವಿಪರೀತ ಹೆಚ್ಚಾಗಿ, ಸುಮಾರು 200 ಜಾತಿಯ ಸಣ್ಣ ಮೀನುಗಳು ಅಳಿದವು ಅಂತ ಅಂದಾಜು. ಬಯಲು ನೀರಿನವು ಮೊದಲು ಹೋದವು. ಬಂಡೆಗಳ ಸಂದಿನಲ್ಲಿದ್ದವು ಹೆಚ್ಚಾಗಿ ಉಳಿದವು. ಜನ ನೈಲ್ ಪರ್ಚನ್ನು ಜೋರಾಗಿ ಹಿಡಿಯತೊಡಗಿದ ಮೇಲೆ ಕೆಲವು ಮರಳಿ ಕಾಣಿಸಿಕೊಂಡವು.

ಆದ್ದರಿಂದ ನನ್ನ ಉತ್ತರ: ಸಂದು ಇದ್ದರೆ, ಹಿಡಿಯುವ ಕೈ ಇದ್ದರೆ, ಸ್ವಲ್ಪ ಕಾಲ ಒಟ್ಟಿಗೆ ಇರಬಹುದು. ನಿಮ್ಮದು ಸಣ್ಣ ಕೊಳ. ಪೂರ್ತಿ ನೆಮ್ಮದಿ ಬೇಕಿದ್ದರೆ ಗಂಬೂಸಿಯಾ ತೆಗೆಯಲೇಬೇಕು.

ಹೊಳೆಸಾಲು

ಸರ್, ಎರಡು ಸಲ ಓದಿದೆ. ಈಗ ಕಳೆ ಎಲ್ಲಿಂದ ತರಲಿ? ತೆಗೆಯುವುದು ಹೇಗೆ?

ಗಾಜಿನಪೆಟ್ಟಿಗೆ

ಅಕ್ಕ, ಹೈಡ್ರಿಲ್ಲಾ ನಮ್ಮ ಮನೆ ಟಬ್‌ನಲ್ಲಿ ತುಂಬಿಕೊಂಡಿದೆ, ಎರಡು ಚೀಲ ತರುತ್ತೇನೆ. ಚೆನ್ನಾಗಿ ತೊಳೆದೇ ತರುತ್ತೇನೆ, ಬಸವನಹುಳು ಅಂಟಿಕೊಂಡು ಬರಬಾರದು. ಒಂದು ಮೂಲೆಯಲ್ಲಿ ದಟ್ಟವಾಗಿ ಇಡೋಣ, ಕೊಳದ ಮೂರನೇ ಒಂದು ಭಾಗ. ಗಂಬೂಸಿಯಾ ಬಯಲಿನಲ್ಲಿ ಬೆಳಗಿನ ಬಿಸಿಲಿಗೆ ದಂಡೆ ಹತ್ತಿರ ಸೇರುತ್ತದೆ. ಆಗ ಸಣ್ಣ ಕಣ್ಣಿನ ಬಲೆಯಲ್ಲಿ ತೆಗೆಯಬಹುದು. ಹೊಟ್ಟೆ ಉಬ್ಬಿದ ಹೆಣ್ಣುಗಳನ್ನು ಮೊದಲು ಹಿಡಿಯಬೇಕು. ಹಿಡಿದದ್ದನ್ನು ಲವಂಗದ ಎಣ್ಣೆ ಕಲಸಿದ ನೀರಿಗೆ ಹಾಕಿದರೆ ಮಂಪರು ಬಂದು ನೋವಿಲ್ಲದೆ ಸಾಯುತ್ತವೆ. ಗೊಬ್ಬರದ ಗುಂಡಿಗೆ ಹಾಕಿ. ಪಾಪ ಅಂತ ಮುಳಾ ನದಿಗೆ ಮಾತ್ರ ಬಿಡಬೇಡಿ.

ಬಲೆಯಿಂದ ಎಲ್ಲವೂ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ನೀರು ತಳ ಮುಟ್ಟಿದಾಗ ಪಟ್ಟೆಮೀನನ್ನು ಟಬ್‌ಗೆ ತೆಗೆದು, ಕೊಳ ಪೂರ್ತಿ ಬತ್ತಿಸಿ ಬಿಸಿಲಿಗೆ ಬಿಡಬೇಕು.

ಹೊಳೆಸಾಲು (ಆರು ವಾರದ ನಂತರ)

ಎಲ್ಲರಿಗೂ ಸುದ್ದಿ ಹೇಳಬೇಕು. ಪಿಂಪ್ರಿ ತಮ್ಮ ಕಳೆ ತಂದುಕೊಟ್ಟ. ಕೋಥ್ರೂಡ್ ಸರ್ ಈ ವಯಸ್ಸಿನಲ್ಲೂ ಎರಡು ಭಾನುವಾರ ಬಸ್ ಹತ್ತಿ ಬಂದರು. ನಾಲ್ಕು ಭಾನುವಾರ ಬಲೆ ಎಳೆದಿದ್ದೇವೆ. ಸೊಸೈಟಿ ಮೀಟಿಂಗ್‌ನಲ್ಲಿ ಮೊದಲು ಯಾರೂ ಒಪ್ಪಲಿಲ್ಲ. ಸರ್ ಹೂಕುಂಡದ ತಟ್ಟೆಯ ನೀರನ್ನು ಲೋಟದಲ್ಲಿ ಹಿಡಿದು ತಂದು ಅದರಲ್ಲಿ ಕುಣಿಯುವ ಸೊಳ್ಳೆಮರಿ ತೋರಿಸಿದ ಮೇಲೆ ಮಾತು ನಿಂತಿತು. ಮುಂದಿನ ಗಣಪತಿಗೆ ವಿಸರ್ಜನೆ ಬೇರೆ ಟ್ಯಾಂಕ್‌ನಲ್ಲಿ ಅಂತ ಬರೆದುಕೊಂಡಿದ್ದಾರೆ.

ನಿನ್ನೆ ರಾತ್ರಿ ಮಗಳು ಟಾರ್ಚ್ ಹಿಡಿದು ಕಳೆಯ ಅಂಚಿನಲ್ಲಿ ಕೂತಿದ್ದಳು. ಒಂದು ಚುಕ್ಕಿ ಹೊಳೆಯಿತು ಅಂತ ಕೂಗಿದಳು. ಬಗ್ಗಿ ನೋಡಿದೆ. ಸೂಜಿಗಿಂತ ಸ್ವಲ್ಪ ದಪ್ಪ, ನೆತ್ತಿಯ ಮೇಲೆ ಬೆಳ್ಳಿ ಚುಕ್ಕಿ. ಒಟ್ಟು ಮೂರು ಎಣಿಸಿದೆವು. ಇವತ್ತು ಬೆಳಗ್ಗೆ ಎರಡು ಮಾತ್ರ ಸಿಕ್ಕವು. ಮೂರನೆಯದು ಕಳೆಯೊಳಗೆ ಇರಬಹುದು, ಗಂಬೂಸಿಯಾ ಹೊಟ್ಟೆಯಲ್ಲೂ ಇರಬಹುದು. ನೋಟ್‌ಬುಕ್‌ನಲ್ಲಿ ಎರಡು ಅಂತಲೇ ಬರೆದಿದ್ದೇನೆ.

ಏಪ್ರಿಲ್‌ಗೆ 200 ಲೀಟರಿನ ಎರಡು ಟಬ್ ಬೇಕು, ಮುಚ್ಚಳ ಇರುವಂಥದ್ದು. ಈ ಮೀನು ಹಾರುತ್ತದೆ. ಯಾರ ಹತ್ತಿರ ಇದೆ?

ಇಬ್ಬರ ಅಮ್ಮ

ನಮ್ಮಲ್ಲಿ ಒಂದಿದೆ. ಭಾನುವಾರ ಮಗನ ಕೈಲಿ ಕಳಿಸುತ್ತೇನೆ, ಅವನಿಗೂ ಆ ಚುಕ್ಕಿ ನೋಡಬೇಕಂತೆ.